ಶಾಂತಕ್ಕ ಫೇಲ್

ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದ ಯಂಕೇಶನ ಅಂಗಡಿಯ ಬೋರ್ಡಿನ ಮೇಲೆ ಎರಡು ಅಳತೆಯ ಅಕ್ಷರಗಳಿದ್ದವು. ಮೇಲೆ, ರಸ್ತೆಯ ಆ ಬದಿಯಿಂದಲೂ ಓದಬಹುದಾದಂತೆ, 'ಹೇಮಾ ಸಾಫ್ಟ್‌ವೇರ್ ಕಂಪನಿ'. ಕೆಳಗೆ, ಹತ್ತಿರ ಬಂದು ಬಗ್ಗಿದವರಿಗೆ ಮಾತ್ರ ಕಾಣುವಂತೆ, 'ಝೆರಾಕ್ಸ್, ಲ್ಯಾಮಿನೇಶನ್, ಪಹಣಿ ತೆಗೆದುಕೊಡಲಾಗುವುದು'. ಮನೆಗೆ ಅಕ್ಕಿ ತರುತ್ತಿದ್ದದ್ದು ಕೆಳಗಿನ ಸಾಲು. ಯಂಕೇಶ ಎದೆಯುಬ್ಬಿಸಿ ನಡೆಯುತ್ತಿದ್ದದ್ದು ಮೇಲಿನ ಸಾಲಿನಿಂದ. ಒಂದಲ್ಲ ಒಂದು ದಿನ ಕೆಳಗಿನ ಸಾಲಿಗೆ ಬಣ್ಣ ಬಳಿದು ಅಳಿಸಿಬಿಡಬೇಕೆಂಬುದು ಅವನ ಜೀವನದ ಗುರಿಯಾಗಿತ್ತು.

ಕಂಪನಿ ಎಂದ ಮೇಲೆ ಒಂದಾದರೂ ಸಾಫ್ಟ್‌ವೇರ್ ಇರಬೇಕಲ್ಲ, ಇತ್ತು. ಒಂದೇ ಇತ್ತು. ಅದರ ಹೆಸರು 'ಆಯೇರಿ ಮಿತ್ರ'.

ಲಗ್ನವಿರಲಿ, ಮಗುವಿನ ಕೂದಲು ತೆಗೆಸುವ ಜವಳವಿರಲಿ, ಬಳಗದವರಿಗೆ ಆಯೇರಿ ಎಂದು ಉಡುಗೊರೆಯ ಬಟ್ಟೆ ಕೊಡುವುದು ಎಷ್ಟು ನಾಜೂಕಿನ ಕೆಲಸವೆಂದು ಕೊಟ್ಟವರಿಗೇ ಗೊತ್ತು. ಯಾರಿಗೆ ಸೀರೆ, ಯಾರಿಗೆ ಬರೀ ಖಣ, ಯಾರಿಗೆ ಧೋತ್ರ, ಯಾರಿಗೆ ಟವೆಲು ಟೋಪಿಯಲ್ಲಿ ಮುಗಿಸಬಹುದು, ಎಲ್ಲಕ್ಕೂ ನೆಂಟಸ್ತಿಕೆಯೇ ಅಳತೆಗೋಲು. ಖಣದ ಜಾಗದಲ್ಲಿ ಟವೆಲು ಹೋಯಿತೆಂದರೆ ಎರಡು ಮನೆಗಳ ನಡುವೆ ಮಾತು ನಿಂತಿತೆಂದೇ ಅರ್ಥ. ಯಂಕೇಶನ ಸಾಫ್ಟ್‌ವೇರಿಗೆ ಮನೆತನದ ವಂಶಾವಳಿ ಒಮ್ಮೆ ತುಂಬಿದರೆ ಸಾಕು, ಇಂಥವರು ನಿಮಗೆ ಇಂಥ ಸಂಬಂಧ, ಇವರಿಗೆ ಇಂಥ ಬಟ್ಟೆ ಎಂದು ಅದು ಹೇಳುತ್ತಿತ್ತು. ಹೇಳಬೇಕಾಗಿತ್ತು.

ಗಂಗಾವತಿಯ ಬಟ್ಟೆ ಅಂಗಡಿಯ ಯಜಮಾನ ದಾದೇಸಾಬನ ಮುಂದೆ ಮೊದಲ ಸಲ ತೋರಿಸಿದಾಗ ಅದು ಒಬ್ಬ ಅಜ್ಜಿಗೆ ಪ್ಯಾಂಟ್ ಪೀಸ್ ಕೊಟ್ಟಿತು. ಯಂಕೇಶ ನಾಚಿ, ಅದನ್ನು ಸರಿಮಾಡಿ ತಂದ. ಅಜ್ಜಿಗೆ ಸೀರೆ ಬಂತು, ಆದರೆ ಸೋದರಮಾವನಿಗೆ ಖಣ ಬಂತು. ಸೋದರಮಾವನಿಗೆ ಧೋತ್ರ ಉಡಿಸುವಷ್ಟರಲ್ಲಿ ಅಜ್ಜಿ ಮತ್ತೆ ಪ್ಯಾಂಟಿಗೆ ಹೋಗಿದ್ದಳು.

ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವಳು ದಾದೇಸಾಬನ ಮಗಳು ನಾಹೀದಾ. ಬಿಸಿಎ ಓದಿದವಳು, ಮಾತಿನಲ್ಲಿ ಕತ್ತರಿ.

"ಯಂಕೇಶಣ್ಣ, ನೀವು ಈ ಕಡೆ ಹೊಲಿದ್ರ ಆ ಕಡೆ ಹರೀತೈತ್ರಿ. ಟೆಸ್ಟ್ ಬರದೀರೇನು?"

"ಟೆಸ್ಟ್ ಅಂದ್ರ ನಾನs ಕುಂತು ನೋಡ್ತೀನಲ್ಲವಾ?"

"ನೀವು ನೋಡೂದಲ್ರಿ. ಮಷಿನ್ನs ನೋಡಬೇಕು. ಸಣ್ಣ ಸಣ್ಣ ಪ್ರಶ್ನಿ ಬರದಿಡ್ರಿ. 'ಅಜ್ಜಿಗೆ ಏನು?' ಸರಿ ಉತ್ತರ: 'ಸೀರಿ'. ನೀವು ಒಂದ ಸಾಲು ಬದಲ ಮಾಡಿದ್ರೂ ಎಲ್ಲಾ ಪ್ರಶ್ನಿ ತಾನs ಕೇಳಿಕೊಂಡು ತಾನs ತಪಾಸ ಮಾಡತೈತಿ. ಸರಿ ಇದ್ರ ಹಸಿರು, ತಪ್ಪಿದ್ರ ಕೆಂಪು. ಅಜ್ಜಿ ಪ್ಯಾಂಟ್ ಹಾಕ್ಕೊಂಡ್ಲಂದ್ರ ಅಲ್ಲೇ ಕೆಂಪು ಬಿತ್ತು."

ಗಾದಿಯ ಮೇಲೆ ಕುಳಿತಿದ್ದ ದಾದೇಸಾಬ ಕರಾರು ಹಾಕಿದ. "ನೋಡ ಯಂಕೇಶ, ನಿನ್ನ ಮಗಳ ಜವಳ ಐತೆಲ್ಲ ಹೇಮಗುಡ್ಡದ ದುರ್ಗಮ್ಮನ ಗುಡ್ಯಾಗ? ಅದರ ಆಯೇರಿ ಅರಿವಿ ನಮ್ಮಲ್ಲೇ ತಗೊ. ಬಳಗ ಪೂರಾ ಕರಕೊಂಡ ಬಾ. ನಿನ್ನ ಮಷಿನ್ ಹೇಳಿದಂಗ ಕೊಡೂಣು. ಒಬ್ಬರೂ ಮುಖ ಉಬ್ಬಿಸಲಿಲ್ಲ ಅಂದ್ರ ಅವತ್ತs ನಮ್ಮ ಅಂಗಡ್ಯಾಗ ಹಚ್ಚಿಬಿಡು. ಒಂದ ಮುಖ ಉಬ್ಬಿದ್ರೂ ಮಷಿನ್ ಎತ್ತಿಕೊಂಡು ನಡಿ."

ಮೊಟ್ಟಮೊದಲ ಗಿರಾಕಿ! ಬಸ್ಸಿನಲ್ಲಿ ವಾಪಸು ಬರುವಾಗ ಯಂಕೇಶನಿಗೆ ಬೋರ್ಡಿನ ಕೆಳಗಿನ ಸಾಲು ಆಗಲೇ ಮಸುಕಾದಂತೆ ಕಾಣತೊಡಗಿತು.

ಟೆಸ್ಟ್ ಬರೆಯುವುದು ಹೊಸದಾಗಿ ಕಲಿತವನಿಗೆ ಒಂದು ಬಗೆಯ ಜ್ವರ. ಯಂಕೇಶನಿಗೆ ಅದು ನೆತ್ತಿಗೇರಿತು. ಪ್ರಶ್ನೆಗಳಿಗೆ ಹೆಸರು ಬೇಕಲ್ಲ, ಬಳಗದವರದೇ ಹೆಸರಿಟ್ಟ. ವಿಜ್ಞಾನದ ಪದವೀಧರನಾದ ಅವನ ತರ್ಕ ಶುದ್ಧವಾಗಿತ್ತು: ಪ್ರಯೋಗ ಮಾಡುವುದಾದರೆ ಗೊತ್ತಿರುವ ವಸ್ತುವಿನ ಮೇಲೆ ಮಾಡಬೇಕು. ಬಳಗ ಎಂಬುದು ಒಮ್ಮೆ ಕದಡಿದರೆ ತಿಳಿಯಾಗದ ದ್ರಾವಣವೆಂದು ಅವನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಗುಂಡಿ ಒತ್ತಿದ. ಹಸಿರು, ಹಸಿರು, ಹಸಿರು. ಮತ್ತೆ ಒತ್ತಿದ. ಊಟಕ್ಕೆ ಎದ್ದವನು ತಿರುಗಿ ಬಂದು ಒತ್ತಿದ. ಪಹಣಿಗೆ ಬಂದವರನ್ನು ನಿಲ್ಲಿಸಿಕೊಂಡು, "ಒಂದ ಸಲ ನೋಡ್ರಿ, ತಾನs ಹ್ಯಾಂಗ ತಪಾಸ ಮಾಡತೈತಿ" ಎಂದು ಒತ್ತಿ ತೋರಿಸಿದ. ಕಂಪನಿ ಎಂಬುದು ಕಂಪನಿಯಂತೆ ಕಾಣಲೆಂದು ಹಳೆಯ ದೊಡ್ಡ ಟಿವಿಯೊಂದನ್ನು ರಸ್ತೆಗೆ ಮುಖಮಾಡಿ ತೂಗುಹಾಕಿ, ಫಲಿತಾಂಶ ಅದರಲ್ಲಿ ಮೂಡುವಂತೆ ಮಾಡಿದ. 'ಹೊಳಿಯಮ್ಮ: ಪಾಸ್', 'ಹುಚ್ಚೀರಪ್ಪ: ಪಾಸ್' ಎಂದು ಹಸಿರು ಅಕ್ಷರಗಳು ಕೆಳಗಿಳಿಯುತ್ತಿದ್ದರೆ ಪಕ್ಕದ ಗವಿಸಿದ್ದಪ್ಪನ ಮಿರ್ಚಿ ಅಂಗಡಿಯ ಗಿರಾಕಿಗಳು ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ನೋಡುತ್ತಿದ್ದರು.

ಒಂದು ದಿನ ಇನ್ನೊಂದು ಹೆಸರು ಸೇರಿಸಿ ಒತ್ತಿದಾಗ ಆ ಹಸಿರಿನ ನಡುವೆ ಕೆಂಪು ಸಾಲು ಮೂಡಿತು.

'ಶಾಂತಕ್ಕ: ಫೇಲ್'.

ಇಲ್ಲಿ ಶಾಂತಕ್ಕ ಯಾರೆಂದು ಹೇಳಲೇಬೇಕು. ಆಕೆ ಯಂಕೇಶನ ಒಡಹುಟ್ಟಿದ ಅಕ್ಕ. ಯಲಬುರ್ಗಾಕ್ಕೆ ಕೊಟ್ಟಿದ್ದರು. ಆಕೆಯ ಮಗಳು ಹೇಮಾವತಿಯನ್ನೇ ಯಂಕೇಶ ಲಗ್ನವಾಗಿದ್ದ. ಈ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದೇನಲ್ಲ. ಹೀಗಾಗಿ ಶಾಂತಕ್ಕ ಅವನಿಗೆ ಅಕ್ಕನೂ ಹೌದು, ಹೆಣ್ಣು ಕೊಟ್ಟ ಅತ್ತೆಯೂ ಹೌದು. ಹೇಮಾವತಿ ಹುಟ್ಟಿದಾಗಿನಿಂದ ಯಂಕೇಶನನ್ನು "ಮಾವ" ಎನ್ನುತ್ತಿದ್ದವಳು ಲಗ್ನವಾದ ಮೇಲೂ ಅದನ್ನೇ ಮುಂದುವರಿಸಿದ್ದಳು.

'ಶಾಂತಕ್ಕ ನನಗೇನಾಗಬೇಕು?' ಎಂಬ ಪ್ರಶ್ನೆಗೆ ಯಂಕೇಶ ಸರಿ ಉತ್ತರವೆಂದು 'ಅಕ್ಕ' ಎಂದು ಬರೆದಿದ್ದ. ಸಾಫ್ಟ್‌ವೇರ್ ವಂಶಾವಳಿಯನ್ನು ಹೆಂಡತಿಯ ಕಡೆಯಿಂದ ಹತ್ತಿ 'ಅತ್ತಿ' ಎಂದಿತ್ತು. ಉತ್ತರ ಹೊಂದಲಿಲ್ಲ, ಫೇಲ್. ತಪ್ಪು ಸಾಫ್ಟ್‌ವೇರಿನದು. ಆದರೆ ಟಿವಿಯಲ್ಲಿ ಬಂದದ್ದು ಸಾಫ್ಟ್‌ವೇರಿನ ಹೆಸರಲ್ಲ.

ಅದೇ ಹೊತ್ತಿಗೆ ಗವಿಸಿದ್ದಪ್ಪನ ಅಂಗಡಿಯಲ್ಲಿ ಮಿರ್ಚಿ ಕಡಿಯುತ್ತ ಕುಳಿತಿದ್ದವರು ಶಾಂತಕ್ಕನ ಗಂಡ ಹುಚ್ಚೀರಪ್ಪ. ಸರಕಾರಿ ಆಫೀಸಿನಲ್ಲಿ ಜವಾನರಾಗಿ ನಿವೃತ್ತರಾದವರು, ಪಿಂಚಣಿಯ ಕೆಲಸಕ್ಕೆ ಕೊಪ್ಪಳಕ್ಕೆ ಬಂದಿದ್ದರು. ಟಿವಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಗವಿಸಿದ್ದಪ್ಪ, ನನ್ನ ಹೆಸರಿನ ಮುಂದ ಏನ ಬರದೈತಿ?"

"ಪಾಸ್ ಅಂತ ಐತ್ರಿ."

"ನಮ್ಮಾಕಿ ಹೆಸರಿನ ಮುಂದ?"

"ಫೇಲ್ ಅಂತ ಐತೆಲ್ರೀ ಯಜಮಾನ್ರ!"

ಹುಚ್ಚೀರಪ್ಪನವರು ಮ್ಯಾಟ್ರಿಕ್ ಪಾಸಾಗಿರಲಿಲ್ಲ. ಇಲಾಖೆಯ ಪರೀಕ್ಷೆಯಲ್ಲೂ ಪಾಸಾಗಿರಲಿಲ್ಲ. ಲಗ್ನವಾದಂದಿನಿಂದ ಹೆಂಡತಿಯ ಯಾವ ಪರೀಕ್ಷೆಯಲ್ಲೂ ಪಾಸಾದದ್ದಿಲ್ಲ. ಅಂಥವರಿಗೆ ಇದು ಎಷ್ಟು ದೊಡ್ಡ ಘಳಿಗೆಯೆಂದು ಓದುಗರೇ ಊಹಿಸಬೇಕು. ಅಲ್ಲಿದ್ದವರಿಗೆಲ್ಲ ಒಂದೊಂದು ಮಿರ್ಚಿ ಹೇಳಿದರು. ಮುಂದಿನ ಬಸ್ಸಿಗೇ ಯಲಬುರ್ಗಾ ಸೇರಿ, ಚಪ್ಪಲಿ ಬಿಡುವ ಮೊದಲೇ ಕೂಗಿದರು: "ಏ ಶಾಂತವ್ವ! ನಿನ್ನ ತಮ್ಮ ಬಳಗಕ್ಕೆಲ್ಲ ಪರೀಕ್ಷಾ ಇಟ್ಟಾನ. ನಾ ಪಾಸ್. ನೀ ಫೇಲ್!"

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಸುದ್ದಿ ತಾಲೂಕು ದಾಟಿತ್ತು. ಜವಳದ ಆಯೇರಿಗೆ ಯಂಕೇಶ ಪರೀಕ್ಷೆ ಇಟ್ಟಿದ್ದಾನೆ, ಪಾಸಾದವರಿಗೆ ಮಾತ್ರ ಸೀರೆ ಎಂಬಲ್ಲಿಗೆ ಅದು ಬೆಳೆದಿತ್ತು. ಮೊದಲು ಬಂದವಳು ಕಾರಟಗಿಯ ಚಿಗವ್ವ ಹೊಳಿಯಮ್ಮ.

"ನಂದೇನಾತು ತಮ್ಮಾ?"

"ಚಿಗವ್ವ, ಪರೀಕ್ಷಾ ನಿಮಗಲ್ಲ, ನನ್ನ ಸಾಫ್ಟ್‌ವೇರಿಗೆ..."

"ಅದೆಲ್ಲಾ ಇರ್ಲಿ. ಪಾಸೋ ಫೇಲೋ?"

"ಪಾಸ್."

ಹೊಳಿಯಮ್ಮ ಕೈಮುಗಿದು ಕಣ್ಣಿಗೊತ್ತಿಕೊಂಡಳು. "ಹಂಗಾದ್ರ ಅದನ್ನ ಒಂದ ಹಾಳಿ ಮ್ಯಾಲ ತಗದು ಕೊಡು. ಓರಗಿತ್ತಿಗೆ ತೋರಸ್ತೀನಿ." ಯಂಕೇಶ ತೆಗೆದು ಕೊಟ್ಟ. ಆಕೆ ಅದಕ್ಕೆ ಲ್ಯಾಮಿನೇಶನ್ ಮಾಡಿಸಿಕೊಂಡು ಹೋದಳು. ಸಂಜೆಯೊಳಗೆ ಪಾಸಾದ ಬಳಗವೆಲ್ಲ ಲ್ಯಾಮಿನೇಶನ್ ಮಾಡಿಸಿತು. ಕಂಪನಿಯ ಇತಿಹಾಸದಲ್ಲೇ ಕೆಳಗಿನ ಸಾಲಿಗೆ ಅಂಥ ವ್ಯಾಪಾರ ಆಗಿರಲಿಲ್ಲ.

ಯಲಬುರ್ಗಾದ ಬಸ್ಸಿನಿಂದ ಶಾಂತಕ್ಕ ಇಳಿದಳು. ಅಂಗಡಿಯೊಳಗೆ ಬರಲಿಲ್ಲ. ರಸ್ತೆಯಲ್ಲೇ, ಟಿವಿಯ ಎದುರು, ಸೆರಗು ಸೊಂಟಕ್ಕೆ ಸಿಗಿಸಿ ನಿಂತಳು. ಗವಿಸಿದ್ದಪ್ಪ ಒಲೆಯ ಉರಿ ಸಣ್ಣ ಮಾಡಿದ. ಕೇಳುವುದು ತಪ್ಪಬಾರದಲ್ಲ.

"ಯಂಕ್ಯಾ, ಹೊರಗ ಬಾ."

"ಅಕ್ಕಾ, ಒಳಗ ಬಾ, ಚಾ ಕುಡಿ..."

"ಫೇಲಾದವ್ರಿಗೂ ಚಾ ಕೊಡ್ತಾರೇನು ನಿಮ್ಮ ಕಂಪನ್ಯಾಗ? ಹೇಳು. ಸಣ್ಣಾಂವಿದ್ದಾಗ ನಿನ್ನ ಕಂಕುಳಾಗ ಹೊತ್ತಾಕಿ ಯಾರು?"

"ನೀನs ಅಕ್ಕಾ."

"ಝೆರಾಕ್ಸ್ ಅಂಗಡ್ಯಾಂವಗ ಕೊಡೂದಿಲ್ಲ ಅಂತ ನಾಕ ಮಂದಿ ಹೆಣ್ಣು ಕೊಡಾಕ ಒಲ್ಲೆ ಅಂದಾಗ, ಬಂಗಾರದಂಥಾ ಮಗಳನ್ನ ಕೊಟ್ಟಾಕಿ ಯಾರು?"

"ನೀನs ಅತ್ತಿ."

"ಮತ್ತ ನಾ ಯಾವುದರಾಗ ಫೇಲಾದೆ? ಅಕ್ಕ ಆಗೂದರಾಗೋ, ಅತ್ತಿ ಆಗೂದರಾಗೋ?"

ಸಮಸ್ಯೆಯನ್ನು ಇದಕ್ಕಿಂತ ಖಚಿತವಾಗಿ ಯಾರೂ ಹೇಳುವುದು ಸಾಧ್ಯವಿರಲಿಲ್ಲ. ಆದರೆ ಯಂಕೇಶನಿಗೆ ಆಗ ಸಮಸ್ಯೆಗಿಂತ ಅಕ್ಕನ ಮುಖವೇ ದೊಡ್ಡದಾಗಿ ಕಾಣುತ್ತಿತ್ತು.

"ತಡಿ ಅಕ್ಕಾ, ಈಗs ಪಾಸ್ ಮಾಡ್ತೀನಿ" ಎಂದು ಒಳಗೋಡಿ, ಸರಿ ಉತ್ತರದ ಜಾಗದಲ್ಲಿ 'ಅಕ್ಕ' ಅಳಿಸಿ 'ಅತ್ತಿ' ಎಂದು ಬರೆದು ಗುಂಡಿ ಒತ್ತಿದ. 'ಶಾಂತಕ್ಕ: ಪಾಸ್'. ಮಿರ್ಚಿ ಅಂಗಡಿಯಿಂದ ಚಪ್ಪಾಳೆ ಬಿತ್ತು.

"ಏನ ಮಾಡಿದಿ?"

"ನೀ ಅಕ್ಕ ಅಂತ ಇತ್ತು. ಅದನ್ನ ತಗದು ಅತ್ತಿ ಅಂತ ಮಾಡಿದೆ."

"ಅಂದ್ರ ಇನ್ನ ಮ್ಯಾಲ ನಾ ನಿನಗ ಅಕ್ಕ ಅಲ್ಲ?"

ಚಪ್ಪಾಳೆ ನಿಂತಿತು. ಯಂಕೇಶ ಗಡಬಡಿಸಿ ಅತ್ತಿಯನ್ನು ತೆಗೆದು ಅಕ್ಕನನ್ನು ಹಾಕಿದ. ಫೇಲ್. ಅಂಗಡಿಯ ಹಿಂದಿನ ಮನೆಯಿಂದ ಹೇಮಾವತಿ ಮಗುವನ್ನೆತ್ತಿಕೊಂಡು ಬಂದಳು. "ಹೌದೇನ ಮಾವ? ನಮ್ಮವ್ವ ನಿನಗ ಅತ್ತಿ ಅಲ್ಲಂದ್ರ ನಾ ನಿನಗ ಏನು?"

ಶಾಂತಕ್ಕ ಮೊಮ್ಮಗಳ ಕೆನ್ನೆ ಸವರಿ ಬಸ್ ನಿಲ್ದಾಣದ ಕಡೆ ತಿರುಗಿದಳು. "ಗಂಗಾವತಿಗೆ ಬರ್ತೀನಿ. ಮಂದಿ ಮುಂದ ಒಮ್ಮೆ ನೋಡ್ತೀನಿ, ನಿನ್ನ ಮಷಿನ್ ನನಗ ಏನ ಕೊಡತೈತಿ ಅಂತ. ಅಲ್ಲೂ ಫೇಲಾದ್ರ ಹೇಮಗುಡ್ಡಕ್ಕ ನೀವs ಹೋಗ್ರಿ."

ಆಯೇರಿ ಕೊಳ್ಳುವ ದಿನ ಬಂತು. ಟೆಂಪೋ ಮಾಡಿಕೊಂಡು ಇಡೀ ಬಳಗ ಗಂಗಾವತಿಗೆ ಹೊರಟಿತು. ಪಾಸಾದವರೆಲ್ಲ ಲ್ಯಾಮಿನೇಶನ್ ಹಾಳೆಗಳನ್ನು ಎದೆಗವಚಿಕೊಂಡಿದ್ದರು. ಹುಚ್ಚೀರಪ್ಪನವರು ತಮ್ಮದನ್ನು ಜೇಬಿನಿಂದ ಅರ್ಧ ಹೊರಗೆ ಕಾಣುವಂತೆ ಇಟ್ಟಿದ್ದರು. ಶಾಂತಕ್ಕ ಕಿಟಕಿಯ ಹೊರಗೆ ಗದ್ದೆಗಳನ್ನೇ ನೋಡುತ್ತ ಕುಳಿತಿದ್ದಳು. ಯಂಕೇಶ ಮಾತ್ರ ಉತ್ಸಾಹದ ಬುಗ್ಗೆಯಾಗಿದ್ದ. ಅವನು ಬೆಳಿಗ್ಗೆ ಒಂದು ಉಪಾಯ ಕಂಡುಹಿಡಿದಿದ್ದ. ಟೆಸ್ಟುಗಳಲ್ಲಿ ಯಾವುದಾದರೊಂದು ತೊಂದರೆ ಕೊಟ್ಟರೆ ಅದನ್ನು ಸದ್ಯಕ್ಕೆ ಬಿಡು ಎಂದು ಹೇಳಬಹುದು. ಹೇಳಿದ್ದ. ಗುಂಡಿ ಒತ್ತಿದರೆ ಕೆಂಪಿನ ಸುಳಿವಿಲ್ಲ, ಎಲ್ಲೆಲ್ಲೂ ಹಸಿರು! ಕಾರಟಗಿಯ ಗದ್ದೆಗಳೂ ಅಷ್ಟು ಹಸಿರಾಗಿರಲಿಲ್ಲ.

ದಾದೇಸಾಬನ ಅಂಗಡಿಯಲ್ಲಿ ಬಳಗ ಗಾದಿ ತುಂಬ ಕುಳಿತಿತು. ಬೇರೆ ಗಿರಾಕಿಗಳೂ ಸುತ್ತ ನೆರೆದರು. ನಾಹೀದಾ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಗುಂಡಿ ಒತ್ತಿದಳು.

"ಅರೇ, ಪೂರಾ ಹಸಿರು! ಶಾಬಾಸ್ ಯಂಕೇಶಣ್ಣ!"

ಯಂಕೇಶ ಕೂದಲು ಸರಿಮಾಡಿಕೊಂಡ. ದಾದೇಸಾಬ ಚಹಾ ತರಲು ಹೇಳಿದ. ನಾಹೀದಾಳ ಕಣ್ಣು ಕೊನೆಯ ಸಾಲಿಗೆ ಇಳಿಯಿತು. ಅವಳಿಗೆ ಓದುವಾಗ ಗಟ್ಟಿಯಾಗಿ ಓದುವ ಚಾಳಿ.

"ಇಲ್ಲೊಂದು ಐತ್ರಿ. 'ಶಾಂತಕ್ಕ: ಬಿಟ್ಟಿದೆ'."

ಚಹಾ ತರಲು ಹೊರಟವನು ಬಾಗಿಲಲ್ಲೇ ನಿಂತ.

"ಬಿಟ್ಟಿ?" ಹೇಮಾವತಿ ಎದ್ದಳು. "ಮಾವ, ನಮ್ಮವ್ವನ್ನ ಬಿಟ್ಟಿ?"

"ಫೇಲ್ ಮಾಡಿದ್ದು ಸಾಲ್ದಂತ ಈಗ ಪರೀಕ್ಷಾಕ್ಕs ಕುಂದ್ರಿಸಿಲ್ಲ!" ಹೊಳಿಯಮ್ಮ ಗಲ್ಲಕ್ಕೆ ಕೈ ಇಟ್ಟಳು.

"ಎಂಥಾ ತಮ್ಮರೀ ಇಂವ" ಎಂದ ಒಬ್ಬ ಅಪರಿಚಿತ ಗಿರಾಕಿ.

"ಅಳಿಯನೂ ಹೌದಂತ್ರೀ" ಎಂದ ಇನ್ನೊಬ್ಬ.

ಶಾಂತಕ್ಕ ಸೆರಗು ಸರಿಮಾಡಿಕೊಂಡು ಚಪ್ಪಲಿ ಹುಡುಕತೊಡಗಿದಳು. ಯಂಕೇಶನಿಗೆ ಬೋರ್ಡಿನ ಮೇಲಿನ ಸಾಲು ಮಸುಕಾಗುತ್ತ ಹೋಗುವುದು ಕಣ್ಣಿಗೆ ಕಟ್ಟಿತು.

"ಅಕ್ಕಾ! ಅತ್ತಿ! ನಿಲ್ಲು!" ಅವನು ಕೂಗಿದ. "ಅಕ್ಕ ಅಂದ್ರ ಅತ್ತಿ ಫೇಲ್ ಆಗ್ತಾಳ, ಅತ್ತಿ ಅಂದ್ರ ಅಕ್ಕ ಫೇಲ್ ಆಗ್ತಾಳ. ನಾನರ ಏನ ಮಾಡ್ಲಿ? ನೀ ಇಬ್ರೂ ಇದ್ದಿ!"

"ಇಬ್ರೂ ಅದಾರ!" ನಾಹೀದಾ ಗಾದಿಯ ಮೇಲೆ ಹಾರಿ ಕುಳಿತಳು. "ಯಂಕೇಶಣ್ಣ, ನೀವs ಹೇಳಿದ್ರೆಲ್ಲ! ನಿಮ್ಮ ಪ್ರೋಗ್ರಾಮ್ ಒಂದ ಸಂಬಂಧ ಸಿಕ್ಕ ಕೂಡಲೆ ನಿಂತುಬಿಡತೈತಿ. ನಿಲ್ಲಬಾರದ್ರಿ. ಎಲ್ಲಾ ದಾರಿ ಹುಡುಕಿ, ಸಿಕ್ಕದ್ದೆಲ್ಲಾ ಕೊಡಬೇಕು. ಸರಿ ಉತ್ತರ 'ಅಕ್ಕ, ಅತ್ತಿ' ಎರಡೂ! ಬರೀರಿ, ಬರೀರಿ!"

ಯಂಕೇಶನ ಬೆರಳುಗಳಿಗೆ ರೆಕ್ಕೆ ಬಂದವು. ಸೀರೆಗಳ ರಾಶಿಯ ನಡುವೆ ಬೋರಲಾಗಿ ಮಲಗಿ ಬರೆದ. ಒಂದು ಕೈಯಲ್ಲಿ ಚಪ್ಪಲಿ ಹಿಡಿದ ಶಾಂತಕ್ಕ ಸಹಿತ ಬಗ್ಗಿ ನೋಡತೊಡಗಿದಳು. ಗುಂಡಿ ಒತ್ತಿದ.

ಮೇಲಿನಿಂದ ಕೆಳಗಿನವರೆಗೆ ಕೆಂಪು.

"ಹೊಳಿಯಮ್ಮ: ಫೇಲ್" ಎಂದು ನಾಹೀದಾ ಓದಿದಳು. "ಹುಚ್ಚೀರಪ್ಪ: ಫೇಲ್."

"ಏನಂದಿ?" ಹುಚ್ಚೀರಪ್ಪನವರು ಜೇಬಿನ ಹಾಳೆ ಕಿತ್ತು ಎತ್ತಿ ಹಿಡಿದರು. "ಸರ್ಟಿಫಿಕೇಟ್ ಐತಿ ನನ್ನ ಕಡೆ!" ಹೊಳಿಯಮ್ಮ ತನ್ನ ಹಾಳೆಯಿಂದ ಯಂಕೇಶನ ಬೆನ್ನಿಗೇ ಒಂದು ಕೊಟ್ಟಳು. ಅಂಗಡಿಯಲ್ಲಿ ಗದ್ದಲವೋ ಗದ್ದಲ. ಮೊದಲು ಒಂದೇ ಉತ್ತರ ಬರುತ್ತಿದ್ದ ಜಾಗಕ್ಕೆ ಈಗ ಉತ್ತರಗಳ ಗುಂಪು ಬರುತ್ತಿದ್ದುದರಿಂದ ಹಳೆಯ ಪ್ರಶ್ನೆಗಳೆಲ್ಲ ತಬ್ಬಿಬ್ಬಾಗಿದ್ದವು. ಆದರೆ ಈಗ ಯಂಕೇಶ ಹೆದರಲಿಲ್ಲ. ಎಲ್ಲಿ ಮುರಿದಿದೆ ಎಂದು ಕೆಂಪು ಸಾಲುಗಳೇ ಬೆರಳು ಮಾಡಿ ತೋರಿಸುತ್ತಿದ್ದವು. ಒಂದೊಂದಾಗಿ ಹೊಂದಿಸಿದ. ಒಂದೊಂದು ಹೆಸರು ಹಸಿರಾದಾಗಲೂ ಆ ಹೆಸರಿನವರು "ಬಂದೆ, ನಾ ಬಂದೆ!" ಎಂದು ಕೂಗಿದರು, ಗಿರಾಕಿಗಳು ಚಪ್ಪಾಳೆ ಹೊಡೆದರು. ಕೊನೆಗೆ ಉಳಿದದ್ದು ಒಂದೇ ಸಾಲು. ಯಂಕೇಶ ಅದರ ಮೇಲಿದ್ದ 'ಬಿಡು' ತೆಗೆದ. ಕಣ್ಣು ಮುಚ್ಚಿ ಒತ್ತಿದ.

'ಶಾಂತಕ್ಕ: ಪಾಸ್'.

ಅಂಗಡಿಯ ಸೂರು ಹಾರುವಂತೆ ಕೇಕೆ ಬಿತ್ತು. ಹೇಮಾವತಿ ಅವ್ವನನ್ನು ತಬ್ಬಿದಳು. ಯಂಕೇಶ ಎದ್ದು ನಿಂತು ಆಯೇರಿ ಓದಿದ: "ಶಾಂತಕ್ಕ. ಅಕ್ಕ ಅಂತ, ಇಳಕಲ್ ಸೀರಿ ಒಂದು, ಖಣ ಒಂದು. ಅತ್ತಿ ಅಂತ, ರೇಷ್ಮಿ ಸೀರಿ ಒಂದು, ಖಣ ಒಂದು."

"ಎರಡು ಸೀರಿ?" ಎಂದಳು ಶಾಂತಕ್ಕ. ಚಪ್ಪಲಿ ಕೈಯಿಂದ ತಾನಾಗಿ ಜಾರಿತು.

"ಎರಡು ಸೀರಿ!" ಎಂದ ದಾದೇಸಾಬ. ಅವನ ಮುಖ ಪೆಟ್ರೋಮ್ಯಾಕ್ಸಿನಂತೆ ಬೆಳಗಿತು. "ಯಾ ಅಲ್ಲಾ! ಈ ಸೀಮ್ಯಾಗ ಅಕ್ಕನ ಮಗಳನ್ನ ಮಾಡಿಕೊಂಡವರು ಓಣಿಗೆಷ್ಟು ಮಂದಿ ಅದಾರ! ಅವರ ಮನ್ಯಾಗ ಎಲ್ಲಾ ಎರಡೆರಡು ಸೀರಿ! ಬೇಟಾ ಯಂಕೇಶ, ಹಚ್ಚು! ಇವತ್ತs ಹಚ್ಚು! ಇಂಥಾ ಮಷಿನ್ ನಾ ಕಂಡೇ ಇಲ್ಲ!"

"ನಂದು ಓದು, ನಂದು ಓದು" ಎಂದು ಹುಚ್ಚೀರಪ್ಪನವರು ಮುಂದೆ ಬಂದರು. ಹೆಂಡತಿಗೆ ಎರಡು ಎಂದರೆ ತಮಗೂ ಎರಡು, ಇದು ನೇರ ಲೆಕ್ಕ. ಯಂಕೇಶ ಓದಿದ: "ಹುಚ್ಚೀರಪ್ಪ. ಮಾವ ಅಂತ, ಧೋತ್ರ ಒಂದು, ಟವೆಲು ಒಂದು."

"ಮುಂದ?"

"ಅಷ್ಟs ರೀ ಮಾವಾರ. ಅಕ್ಕನ ಗಂಡಗೂ ಮಾವ ಅಂತೀವಿ, ಹೆಣ್ಣ ಕೊಟ್ಟವ್ರಿಗೂ ಮಾವ ಅಂತೀವಿ. ಎರಡೂ ಕಡಿಂದ ಹತ್ತಿ ಹ್ವಾದ್ರೂ ನೀವು ಒಬ್ಬs ಮಾವ. ಅದಕ್ಕs ನೀವು ಮೊದಲಿಂದ ಪಾಸ್."

ಹುಚ್ಚೀರಪ್ಪನವರು ಲ್ಯಾಮಿನೇಶನ್ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದೇ ಬದಿಯಲ್ಲಿ ಅಚ್ಚಾಗಿತ್ತು. "ಅಳಿಯಾ" ಎಂದರು ಮೆಲ್ಲಗೆ, "ಇದನ್ನ ವಾಪಸ್ ತಗೊ. ನನ್ನ ಒಮ್ಮೆ ಫೇಲ್ ಮಾಡು."

ಹೊಳಿಯಮ್ಮನೂ ತನ್ನ ಹಾಳೆ ಚಾಚಿದಳು. "ನನ್ನನ್ನೂ ತಮ್ಮಾ. ನಾನೂ ಯಾವುದರ ಕಡಿಂದ ಎರಡಾಗಿರಬೇಕು, ಛಲೋತ್ನಾಗಿ ಹುಡುಕು."

ಆ ವಾರ ಭಾಗ್ಯನಗರದ ಅಂಗಡಿಯ ಮುಂದೆ ಫೇಲಾಗಲು ಬಂದವರ ಸಾಲು ಮಿರ್ಚಿ ಅಂಗಡಿಯನ್ನು ದಾಟಿ ಹೋಯಿತು. ಯಾರ ಮನೆಯಲ್ಲಿ ಯಾರು ಯಾರಿಗೆ ಎರಡು ಬಗೆಯಲ್ಲಿ ಏನಾಗಬೇಕೆಂದು ಅಜ್ಜಂದಿರ ಕಾಲದ ಲಗ್ನಗಳನ್ನೆಲ್ಲ ಕೆದಕಲಾಯಿತು. ಪ್ರತಿಯೊಬ್ಬರೂ ತಂದ ಗೋಜಲನ್ನು ಯಂಕೇಶ ಹೊಸ ಟೆಸ್ಟಾಗಿ ಬರೆದುಕೊಂಡ. ದಾದೇಸಾಬನ ಅಂಗಡಿಯಲ್ಲಿ 'ಆಯೇರಿ ಮಿತ್ರ' ತಪ್ಪಿಲ್ಲದೆ ಓಡತೊಡಗಿತು. ಯಂಕೇಶ ಬಣ್ಣದ ಡಬ್ಬಿ ತಂದು ಏಣಿ ಹತ್ತಿದ. ಕೆಳಗಿನ ಸಾಲನ್ನು ಅಳಿಸಲು ಲ್ಯಾಮಿನೇಶನ್ನಿನ ವ್ಯಾಪಾರ ನೆನಪಾಗಿ ಮನಸ್ಸು ಬರಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆದು ಇಳಿದ: 'ಇಲ್ಲಿ ಸಂಬಂಧಿಕರನ್ನು ಫೇಲ್ ಮಾಡಿಕೊಡಲಾಗುವುದಿಲ್ಲ'.

ಹೇಮಗುಡ್ಡದಲ್ಲಿ ಜವಳ ಭಾರಿ ಗದ್ದಲದಲ್ಲಿ ನಡೆಯಿತು. ಶಾಂತಕ್ಕ ದುರ್ಗಮ್ಮನ ಮುಂದೆ ಅಕ್ಕನ ಇಳಕಲ್ ಸೀರೆಯಲ್ಲಿ ನಿಂತಿದ್ದಳು. ಊಟದ ಪಂಕ್ತಿಗೆ ಅತ್ತೆಯ ರೇಷ್ಮೆ ಸೀರೆಯಲ್ಲಿ ಬಂದಳು. ಪಕ್ಕದ ಎಲೆಗೆ ಕುಳಿತಿದ್ದ ಬೀಗರೊಬ್ಬರು ಹುಚ್ಚೀರಪ್ಪನವರ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಏನ್ರೀ ಯಜಮಾನ್ರ, ಅವರಿಗೆ ಎರಡೆರಡು, ನಿಮಗ ಬರೇ ಒಂದ ಧೋತ್ರ?"

ಹುಚ್ಚೀರಪ್ಪನವರು ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ, ನಿಟ್ಟುಸಿರು ಬಿಟ್ಟರು.

"ಏನ್ ಮಾಡೂದ್ರಿ, ಮೊದಲನೇ ಸಲಕ್ಕs ಪಾಸಾಗಿಬಿಟ್ಟೆ."